ಏಳು ಮೊಳೆಗಳ ಉಪಸಮಿತಿ

ಶಂಕರಪುರದ ನಮ್ಮ ಬೀದಿಯಲ್ಲಿ ಆ ಕಥೆಯನ್ನು ಈಗಲೂ ಹೇಳುತ್ತಾರೆ. ವಾಚನಾಲಯದ ವಾರ್ಷಿಕ ಸಭೆಯಲ್ಲಿ ಕಾಲೇಜು ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಅಧ್ಯಕ್ಷರ ಮೇಲೆ ಕೂಗಾಡಿದಳಂತೆ. ಅಧ್ಯಕ್ಷರು ತತ್ತರಿಸಿ, ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಬಿಸಾಡಿದರಂತೆ. ಅಲ್ಲಿಗೆ ಹಳಬರ ದರ್ಬಾರು ಮುಗಿದು ಪುಸ್ತಕಗಳಿಗೆ ಬಿಡುಗಡೆ ಸಿಕ್ಕಿತಂತೆ. ಹೇಳುವವರಿಗೆ ಅರವತ್ತು ದಾಟಿದ್ದರೆ ಕೊನೆಯಲ್ಲಿ "ಕಾಲ ಕೆಟ್ಟುಹೋಯ್ತು" ಎಂದು ಸೇರಿಸುತ್ತಾರೆ. ಮೂವತ್ತರೊಳಗಿದ್ದರೆ "ಸಖತ್ತಾಗಿ ಕೊಟ್ಲು ಗುರು" ಎನ್ನುತ್ತಾರೆ. ನಡೆದ ಸಂಗತಿಯ ಬಗ್ಗೆ ಮಾತ್ರ ಎರಡು ಪಂಗಡಕ್ಕೂ ಭಿನ್ನಾಭಿಪ್ರಾಯವಿಲ್ಲ.

ನನಗಿದೆ. ಆ ಹುಡುಗಿ ನಾನು.

ಮೊದಲನೆಯದಾಗಿ, ನಾನು ಕೂಗಾಡಲಿಲ್ಲ. ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಎರಡು ವರ್ಷ ಪಳಗಿದ್ದ ನನಗೆ, ದನಿ ಏರಿಸಿದವರ ಅಂಕ ಕಳೆಯುತ್ತಾರೆಂಬುದು ಚೆನ್ನಾಗಿ ಗೊತ್ತಿತ್ತು. ಎರಡನೆಯದಾಗಿ, ನಮ್ಮ ಅಧ್ಯಕ್ಷರು ಯಾವುದನ್ನೂ ಬಿಸಾಡುವ ಜಾತಿಯವರಲ್ಲ. ಹಳೇ ಲಗ್ನಪತ್ರಿಕೆಗಳ ಹಿಂಬದಿಯನ್ನೂ ಟಿಪ್ಪಣಿ ಬರೆಯಲು ಜೋಡಿಸಿಟ್ಟುಕೊಳ್ಳುತ್ತಿದ್ದವರು. ಮೂರನೆಯದಾಗಿ, ಅವರ ದರ್ಬಾರು ಮುಗಿಯಲೂ ಇಲ್ಲ. ನಾಲ್ಕನೆಯದು ಮುಖ್ಯವಾದದ್ದು: ಅವತ್ತು ಗೆದ್ದದ್ದು ನನ್ನ ಮಾತಲ್ಲ, ಅವರ ಕಾರ್ಯದರ್ಶಿಯ ಸುಂದರವಾದ ಕೈಬರಹ. ಇದನ್ನು ನಾನು ಮದುವೆಮನೆಗಳಲ್ಲಿ, ಬಸ್ ಸ್ಟಾಪಿನಲ್ಲಿ, ಒಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ವಾದಿಸಿದ್ದೇನೆ. ಯಾರೂ ನಂಬಿಲ್ಲ. ಕೂಗಾಡಿದ ಹುಡುಗಿಯ ಕಥೆ ಕೇಳಲು ಚೆನ್ನಾಗಿದೆ, ಏನು ಮಾಡುವುದು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ವಾಚನಾಲಯ ಸಂಘಕ್ಕೆ ಒಂದು ಹಜಾರ, ಎರಡು ಉದ್ದನೆಯ ಬೆಂಚು, ಏಳು ಕಬ್ಬಿಣದ ಬೀರು ಮತ್ತು ಏಳು ಜನ ನಿರ್ದೇಶಕರಿದ್ದರು. ಬೀರುಗಳೂ ನಿರ್ದೇಶಕರೂ ಲೆಕ್ಕದಲ್ಲಿ ಸಮವಾಗಿದ್ದುದರಿಂದ ಒಂದು ಪದ್ಧತಿ ಹುಟ್ಟಿಕೊಂಡಿತ್ತು. ಹಿಂದೆ ಯಾವಾಗಲೋ ಒಂದು ನಿಘಂಟು ಕಾಣೆಯಾಯಿತು. ಸಮಿತಿ ತುರ್ತಾಗಿ ಸೇರಿ, ಒಬ್ಬೊಬ್ಬ ನಿರ್ದೇಶಕರೂ ಒಂದೊಂದು ಬೀರುವಿನ ಹೊಣೆ ಹೊತ್ತು ಅದರ ಬೀಗದ ಕೈಯನ್ನು ತಮ್ಮ ಮನೆಗೆ ಒಯ್ಯತಕ್ಕದ್ದು ಎಂದು ಠರಾವು ಮಾಡಿತು. ನಿಘಂಟು ಆಮೇಲೆ ಸಮಿತಿಯ ಕೋಣೆಯಲ್ಲೇ, ಕುಂಟುವ ಮೇಜಿನ ಕಾಲಿನಡಿ ಸಿಕ್ಕಿತು. ಠರಾವು ಹಾಗೇ ಉಳಿಯಿತು.

ಅಂದಿನಿಂದ ನಮ್ಮ ವಾಚನಾಲಯದಲ್ಲಿ ಒಂದೇ ಒಂದು ಪುಸ್ತಕವೂ ಕಳುವಾಗಲಿಲ್ಲ. ಪ್ರತಿ ವಾರ್ಷಿಕ ವರದಿಯ ಮೊದಲ ವಾಕ್ಯವೇ ಅದು. ಹೆಚ್ಚುಕಡಿಮೆ ಒಂದನ್ನೂ ಯಾರೂ ಓದಲಿಲ್ಲ ಎಂಬ ಎರಡನೆಯ ವಾಕ್ಯವನ್ನು ಬರೆಯಲು ಯಾರಿಗೂ ಹೊಳೆದಿರಲಿಲ್ಲ.

ಪುಸ್ತಕ ಬೇಕಾದವರು ಮೊದಲು ಬೀರುವಿನ ನಂಬರು ತಿಳಿದುಕೊಂಡು, ಆಮೇಲೆ ಅದರ ನಿರ್ದೇಶಕರನ್ನು ಹಿಡಿಯಬೇಕಿತ್ತು. ಒಮ್ಮೆ ಚರ್ಚಾಸ್ಪರ್ಧೆಗೆಂದು ನನಗೆ ಚರಿತ್ರೆಯ ಪುಸ್ತಕವೊಂದು ಬೇಕಾಯಿತು. ಅದು ಮೂರನೇ ಬೀರುವಿನಲ್ಲಿತ್ತು. ಅದರ ನಿರ್ದೇಶಕರನ್ನು ಕೃಷ್ಣರಾವ್ ಪಾರ್ಕಿನಲ್ಲಿ, ಅವರ ನಾಲ್ಕನೇ ಸುತ್ತಿನಲ್ಲಿ, ಓಡಿಹೋಗಿ ಹಿಡಿದೆ.

"ಕೀ ದೇವರ ಮನೇಲಿದೆ ಕಣಮ್ಮ. ಸ್ನಾನ ಆಗದೆ ಮುಟ್ಟೋ ಹಾಗಿಲ್ಲ. ನಾಳೆ ಬಾ."

ಮರುದಿನ ಹೋದೆ. ಅವರ ಸ್ನಾನ ಆಗಿತ್ತು. ಅವರೂ ಕೀಯೂ ತುಮಕೂರಿನ ನಾಮಕರಣಕ್ಕೆ ಹೋಗಿದ್ದರು. ಸ್ಪರ್ಧೆಯಲ್ಲಿ ನಾನು ಇಸವಿಗಳನ್ನು ಅಂದಾಜಿನ ಮೇಲೆ ಹೇಳಿ ಸಿಕ್ಕಿಬಿದ್ದೆ. ಗೆದ್ದವರಿಗೆ ಕೊಡುವ ಪರ್ಯಾಯ ಫಲಕ ಮಲ್ಲೇಶ್ವರದ ಕಾಲೇಜಿಗೆ ಹೋಯಿತು. ಸಂಘದ ಆಡಳಿತದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಇಂಥ ಉದಾತ್ತ ಕಾರಣದಿಂದ.

ಆದರೆ ಸೋತದ್ದು ಬರೀ ಒಂದು ಫಲಕ. ನಿಜವಾಗಿ ಕಾಯುತ್ತಿದ್ದವರು ಬೇರೆ ಒಬ್ಬರಿದ್ದರು.

ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದೆವು. ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಿಂದ ನಿವೃತ್ತರಾಗಿದ್ದರು. ದಿನಾ ಸಾಯಂಕಾಲ ನಾಲ್ಕಕ್ಕೆ ಬಂದು ಹಜಾರದ ಬಾಗಿಲು ತೆಗೆದು, ಪೇಪರುಗಳನ್ನು ಬೆಂಚಿನ ಮೇಲೆ ಹರಡಿ, ಮೇಜಿನ ಮೇಲೆ ರಿಜಿಸ್ಟರು, ದಿನಾಂಕದ ಮೊಹರು, ಶಾಯಿಯ ಪ್ಯಾಡು ಜೋಡಿಸಿ ಏಳರವರೆಗೆ ಕೂತಿರುತ್ತಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ. ಪುಸ್ತಕ ಕೊಡುವ ಮೇಜಿನ ಹಿಂದೆ, ಪುಸ್ತಕ ಕೊಡಲು ಒಂದೂ ಕೀ ಇಲ್ಲದೆ, ಒಂದನೇ ನಂಬರಿನ ಬೀರುವಿಗೆ ಕುರ್ಚಿಯ ಬೆನ್ನು ಒರಗಿಸಿಕೊಂಡು ಕೂರುತ್ತಿದ್ದರು. ಆ ಬೀರುವಿನಲ್ಲಿ ಅವರ ತಂದೆಯ ಪುಸ್ತಕಗಳಿದ್ದವು.

ಅವರ ತಂದೆ ಚಾಮರಾಜಪೇಟೆಯ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಮನೆಗೆ ಬಂದ ಮೇಲೂ ಚಟ ಬಿಡದೆ, ಕೊಂಡ ಪುಸ್ತಕಗಳ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿಡುತ್ತಿದ್ದರಂತೆ. "ಓದೋರು ಎಡವಬಾರದು" ಎಂದು. ಅವರು ತೀರಿಕೊಂಡಾಗ ಟೀಚರ್ ಆ ಪುಸ್ತಕಗಳನ್ನು ಸಂಘಕ್ಕೆ ಕೊಟ್ಟರು. ಸಮಾರಂಭವಾಯಿತು. ಹತ್ತು ವರ್ಷದ ನಾನು ಪ್ರಾರ್ಥನೆ ಹಾಡಿದೆ. ಅಧ್ಯಕ್ಷರು ಜ್ಞಾನದಾನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಪುಸ್ತಕಗಳನ್ನು ತಮ್ಮ ಬೀರುವಿನಲ್ಲಿಡಿಸಿ, ಎಲ್ಲರೆದುರು ಬೀಗದ ಕೈ ತಿರುಗಿಸಿ, ಕೋಟಿನ ಒಳಜೇಬಿಗೆ ಹಾಕಿಕೊಂಡರು. ಚಪ್ಪಾಳೆ. ಗ್ರೂಪ್ ಫೋಟೋ. ಅದಾದ ಮೇಲೆ ಒಂಬತ್ತು ವರ್ಷ ಆ ಪುಸ್ತಕಗಳನ್ನು ಯಾರೂ ನೋಡಿರಲಿಲ್ಲ.

ಅಧ್ಯಕ್ಷರು ಕೆಟ್ಟವರೆಂದು ತಿಳಿಯಬೇಡಿ. ಸರ್ಕಾರಿ ಇಲಾಖೆಯೊಂದರಿಂದ ನಿವೃತ್ತರಾದ, ಬಲು ಸೌಜನ್ಯದ ಮನುಷ್ಯ. ಚಿಕ್ಕವರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಇಲ್ಲ ಎಂಬ ಪದ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಏನು ಕೇಳಿದರೂ "ಖಂಡಿತ ಪರಿಶೀಲಿಸೋಣ" ಎನ್ನುತ್ತಿದ್ದರು. ಬೇರೆಯವರು ಇಲ್ಲ ಎಂದಾಗ ಮನೆಗೆ ಹೋಗಿ ಬೇರೆ ದಾರಿ ಹುಡುಕಬಹುದು. ಅಧ್ಯಕ್ಷರ ಖಂಡಿತಕ್ಕೆ ಸಿಕ್ಕಿದವರು ಮಾತ್ರ ವರ್ಷಗಟ್ಟಲೆ ಅಲ್ಲೇ ನಿಂತಿರುತ್ತಿದ್ದರು.

ಟೀಚರ್ ಹಾಗೆ ನಿಂತಿದ್ದರು. ಅವರು ಕೇಳಿದ್ದು ಏಳು ಮೊಳೆ. ತಮ್ಮ ಕುರ್ಚಿಯ ಪಕ್ಕದ ಗೋಡೆಗೆ ಏಳು ಮೊಳೆ ಹೊಡೆಸಿ, ಏಳು ಕೀಗಳನ್ನು ನೇತುಹಾಕಿದರೆ ಬಂದವರಿಗೆ ತಾವೇ ಪುಸ್ತಕ ತೆಗೆದುಕೊಡುವುದಾಗಿ ಅರ್ಜಿ ಬರೆದಿದ್ದರು. ಮೊದಲ ವರ್ಷ ಅರ್ಜಿಯನ್ನು "ಸಹಾನುಭೂತಿಯಿಂದ" ಸ್ವೀಕರಿಸಲಾಯಿತು. ಎರಡನೆಯ ವರ್ಷ, ಸುಣ್ಣದ ಗಾರೆಯ ಹಳೇ ಗೋಡೆಗೆ ಮೊಳೆಯನ್ನು ತಾಳಿಕೊಳ್ಳುವ ಶಕ್ತಿ ಇದೆಯೇ ಎಂಬ ತಾಂತ್ರಿಕ ಪ್ರಶ್ನೆ ಎದ್ದಿತು. ಅದೇ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರುಗಳ ಹನ್ನೊಂದು ಫೋಟೋಗಳು ಮೊಳೆಗಳಿಗೇ ನೇತುಬಿದ್ದು ಆ ಚರ್ಚೆಯನ್ನು ನೋಡುತ್ತಿದ್ದವು. ಮೂರನೆಯ ವರ್ಷ ಮೂವರು ಸದಸ್ಯರ ಉಪಸಮಿತಿ ರಚನೆಯಾಯಿತು. ಅವರಲ್ಲಿ ಒಬ್ಬರು ಮೈಸೂರಿಗೆ ಹೋಗಿ ನೆಲೆಸಿದರು, ಒಬ್ಬರು ತೀರಿಕೊಂಡರು. ಉಳಿದವರು ಭೂಮಾಪನ ಇಲಾಖೆಯಿಂದ ನಿವೃತ್ತರಾದ ಸರ್ವೇಯರು. ಅವರೊಬ್ಬರೇ ಉಪಸಮಿತಿಯಾಗಿ, ತಮ್ಮನ್ನೇ ಅಧ್ಯಕ್ಷರನ್ನಾಗಿ ಆರಿಸಿಕೊಂಡು, ಟೇಪು ಹಿಡಿದು ಗೋಡೆ ಅಳೆದು, ವರದಿ ಕೊಟ್ಟಿದ್ದರು. ಅದು ಬಂದು ಎರಡು ವರ್ಷವಾಗಿತ್ತು. "ವರದಿ ನಮ್ಮ ಕೈಸೇರಿದೆ" ಎಂದು ಅಧ್ಯಕ್ಷರು ಆಗಾಗ ತೃಪ್ತಿಯಿಂದ ಹೇಳುತ್ತಿದ್ದರು.

ಆ ವರ್ಷ ಟೀಚರ್ ಅವಸರದಲ್ಲಿದ್ದರು. ಯುಗಾದಿ ಕಳೆದ ಮೇಲೆ ಮಲ್ಲೇಶ್ವರದ ತಂಗಿಯ ಮನೆಗೆ ಹೋಗಿ ಇರುವುದೆಂದು ನಿಶ್ಚಯವಾಗಿತ್ತು. ತಂಗಿಗೂ ಜೊತೆ ಬೇಕು, ಇವರಿಗೂ ಬೇಕು; ಅದರಲ್ಲಿ ದುಃಖದ್ದೇನೂ ಇರಲಿಲ್ಲ. ಒಂದು ಸಾಯಂಕಾಲ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನೀನು ಬಾಯಿ ಇರೋಳು. ಈ ಸಲ ಜನರಲ್ ಬಾಡೀಲಿ ನೀನು ಮಾತಾಡು. ಅಪ್ಪನ ಪುಸ್ತಕಾನ ಯಾರಾದ್ರೂ ಒಬ್ರು ಮನೆಗೆ ತಗೊಂಡು ಹೋಗೋದನ್ನ ನೋಡ್ಬೇಕು ಕಣೇ. ಒಬ್ರು ಸಾಕು. ಇಲ್ಲಾಂದ್ರೆ ವಾಪಸ್ ಕೊಟ್ಬಿಡಲಿ, ಆಟೋದಲ್ಲಿ ಹಾಕ್ಕೊಂಡು ಹೋಗ್ತೀನಿ."

"ವಾಪಸ್ ಕೇಳಿದ್ರಾ?"

"ಕೇಳ್ದೆ. ದಾನ ಕೊಟ್ಟಿದ್ದು ವಾಪಸ್ ಕೊಡೋಕೆ ನಿಯಮ ತಿದ್ಬೇಕಂತೆ. ಖಂಡಿತ ಪರಿಶೀಲಿಸ್ತಾರಂತೆ."

ಹದಿನೆಂಟು ತುಂಬಿ, ಅಪ್ಪನ ಶಿಫಾರಸಿನ ಮೇಲೆ ಸಂಘದ ಸಾಮಾನ್ಯ ಸದಸ್ಯೆಯಾಗಿದ್ದ ನನಗೆ ಅದು ಮೊದಲ ವಾರ್ಷಿಕ ಸಭೆ. ಹದಿನೈದು ದಿನ ತಯಾರಿ ಮಾಡಿದೆ. ರಟ್ಟಿನ ಚೀಟಿಯ ಮೇಲೆ ಆರು ಅಂಶ, ಪ್ರತಿಯೊಂದಕ್ಕೂ ಎದುರಾಳಿಯ ಸಂಭಾವ್ಯ ಉತ್ತರ, ಅದಕ್ಕೆ ನನ್ನ ಮರುತ್ತರ. ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಅಮ್ಮ ಒಗ್ಗರಣೆ ಸೌಟು ಹಿಡಿದು ಬಂದು, "ಅವರು ನಿನ್ನ ಮದುವೆಗೂ ಬರೋರೇ, ಸ್ವಲ್ಪ ನೋಡಿ ಮಾತಾಡು" ಎಂದು ಎಚ್ಚರಿಸಿ ಹೋದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಭೆ. ಒಂಬತ್ತೂವರೆಗೇ ಹೋದೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಕಾರ್ಯದರ್ಶಿಗಳು ಹಾಜರಿ ರುಜು ಮಾಡಲು ನಡಾವಳಿ ಪುಸ್ತಕ ಮುಂದೆ ತಳ್ಳಿದರು. ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಅಕ್ಷರ ಹೇಗಿತ್ತೆಂದರೆ, ಓದಲು ಬೇಕಾಗಿರಲಿಲ್ಲ, ಸುಮ್ಮನೆ ನೋಡುತ್ತ ಕೂರಬಹುದಿತ್ತು. ಒತ್ತಕ್ಷರಗಳು ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ. ಇಪ್ಪತ್ತೆರಡು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಒಂದು ಚಿತ್ತೂ ಇಲ್ಲವೆಂಬುದು ಸಂಘದ ಹೆಮ್ಮೆಗಳಲ್ಲೊಂದು.

ರುಜು ಮಾಡಿ, ಅಭ್ಯಾಸಬಲದಿಂದ ಮುಂದಿನ ಪುಟ ತಿರುಗಿಸಿದೆ. ಅಲ್ಲಿ ಅವತ್ತಿನ ಸಭೆ ಆಗಲೇ ನಡೆದುಹೋಗಿತ್ತು.

ಅಧ್ಯಕ್ಷರು ಸ್ವಾಗತ ಕೋರಿದ್ದರು. ವರದಿ ಓದಿಯಾಗಿತ್ತು. ಪ್ರತಿಯೊಂದು ಬಾಬಿನ ಕೊನೆಗೂ ಸರ್ವಾನುಮತ. ಎಂಟನೆಯ ಬಾಬು ಹೀಗಿತ್ತು: "ಯುವ ಸದಸ್ಯೆಯೊಬ್ಬರು ಎದ್ದು ನಿಂತು ಕಾರ್ಯಕಾರಿ ಸಮಿತಿಯ ಸೇವೆಯನ್ನು ಮುಕ್ತಕಂಠದಿಂದ ಪ್ರಶಂಸಿಸಿದರು." ಒಂಬತ್ತರಲ್ಲಿ ಹಳೆಯ ಸಮಿತಿಯೇ ಅವಿರೋಧವಾಗಿ ಪುನರಾಯ್ಕೆಯಾಗಿತ್ತು. ಕೊನೆಯಲ್ಲಿ ಉಪಾಹಾರ ರುಚಿಕರವಾಗಿತ್ತೆಂದು ಸಭೆ ಅಭಿಪ್ರಾಯಪಟ್ಟಿತ್ತು. ಹಿತ್ತಲಿನಲ್ಲಿ ಅಡುಗೆಯವನು ಆಗಷ್ಟೇ ಈರುಳ್ಳಿ ಹೆಚ್ಚುತ್ತಿದ್ದ.

"ಸರ್, ಇದೇನು? ಸಭೆ ಇನ್ನೂ ಶುರುವೇ ಆಗಿಲ್ಲ!"

"ಶ್! ಸಭೆ ನಡೀವಾಗ ಬರೆದ್ರೆ ಅಕ್ಷರ ಕೆಡುತ್ತಮ್ಮ," ಎಂದರು ಕಾರ್ಯದರ್ಶಿಗಳು, ಸ್ವಲ್ಪವೂ ನಾಚದೆ. "ಒಬ್ರು ಮಾತಾಡ್ತಿರ್ತಾರೆ, ಇನ್ನೊಬ್ರು ಕೆಮ್ತಿರ್ತಾರೆ. ನಾನು ಶನಿವಾರ ಮನೇಲಿ ಶಾಂತವಾಗಿ ಕೂತ್ಕೊಂಡು ಬರೆದುಬಿಡ್ತೀನಿ. ಸಭೆ ಮುಗಿದ ತಕ್ಷಣ ಅಧ್ಯಕ್ಷರ ಸಹಿ, ಆಮೇಲೆ ಕಾಫಿ."

"ಯುವ ಸದಸ್ಯೆ ಅಂದ್ರೆ ನಾನೇನಾ?"

"ಇನ್ಯಾರಿದಾರೆ? ಮುಂದಿನ ಕಿರಿಯ ಸದಸ್ಯರಿಗೆ ಐವತ್ತೆರಡು."

ನನ್ನ ಕೈ ಚೀಟಿಯ ಮೇಲಿತ್ತು. ಏಳನೆಯ ಅಂಶವಾಗಿ ಇದನ್ನೂ ಸೇರಿಸಿ, ಎದ್ದ ಕೂಡಲೇ ಕ್ರಮಲೋಪ ಎತ್ತಿ ಎಲ್ಲರ ಮುಖಕ್ಕೆ ಹಿಡಿಯಬೇಕೆಂದುಕೊಂಡೆ. ಅಷ್ಟರಲ್ಲಿ ಕಣ್ಣು ಆರನೆಯ ಬಾಬಿನ ಮೇಲೆ ಬಿತ್ತು. "ಮೊಳೆ ಉಪಸಮಿತಿಯ ವರದಿಯನ್ನು ಸಭೆಯ ಮುಂದಿಡಲಾಯಿತು. ಸಭೆಯು ಅದನ್ನು ಸಂಪೂರ್ಣವಾಗಿ ಅಂಗೀಕರಿಸಿ, ಕೂಡಲೇ ಕಾರ್ಯಗತಗೊಳಿಸಲು ತೀರ್ಮಾನಿಸಿತು."

"ಸರ್, ವರದೀಲಿ ಏನಿದೆ?"

"ಯಾರಿಗ್ಗೊತ್ತು? ಕವರಿನ ಮೇಲೆ ‘ಗೋಪ್ಯ’ ಅಂತ ಬರೆದಿದೆ. ಒಡೆಯೋಕಾಗತ್ತಾ?"

"ಓದದೆ ಅಂಗೀಕಾರ ಅಂತ ಬರೆದಿದೀರಿ?"

"ಅಲ್ಲಮ್ಮ, ನಮ್ಮ ಉಪಸಮಿತಿಗಳು ಹೇಳೋದು ಒಂದೇ. ಇನ್ನೂ ಕೂಲಂಕಷ ಅಧ್ಯಯನ ಆಗ್ಬೇಕು ಅಂತ. ಅದನ್ನ ಒಪ್ಕೊಳ್ಳೋಕೆ ಓದ್ಬೇಕಾ?"

ಸರ್ವೇಯರು ಎರಡನೆಯ ಸಾಲಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಒಂದು ಕ್ಯಾನ್ವಾಸ್ ಚೀಲ. ಹೋಗಿ ಪಕ್ಕದಲ್ಲಿ ಕೂತು, ವರದಿಯಲ್ಲಿ ಏನು ಬರೆದಿದ್ದೀರೆಂದು ಕೇಳಿದೆ. ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ.

"ಎರಡು ವರ್ಷದಿಂದ ಒಬ್ರಾದ್ರೂ ಕೇಳ್ತಾರಾ ಅಂತ ನೋಡ್ತಿದೀನಿ! ಎರಡೂವರೆ ಇಂಚಿನ ಮೊಳೆ, ಏಳು. ನೆಲದಿಂದ ನಾಲ್ಕೂಮುಕ್ಕಾಲು ಅಡಿ. ಟೀಚರ್ ಕೈಗೆ ಎಟುಕ್ಬೇಕಲ್ಲ. ಗೋಡೆ ಗಟ್ಟಿಯಾಗಿದೆ. ಏಳೂ ಕೀ ಅಲ್ಲೇ ಇರ್ಬೇಕು, ಯಾರೂ ಮನೆಗೆ ಒಯ್ಯಕೂಡದು ಅಂತ ಕೊನೇ ಪ್ಯಾರಾ. ನಕ್ಷೆ ಕೂಡ ಹಾಕಿದೀನಿ."

"‘ಗೋಪ್ಯ’ ಅಂತ ಯಾಕೆ ಬರೆದ್ರಿ?"

"ಅಭ್ಯಾಸ ಕಣಮ್ಮ. ಮೂವತ್ತು ವರ್ಷ ಸರ್ವೀಸು."

ನಾನು ಚೀಟಿಯನ್ನು ಮಡಿಚಿ ಚೀಲದೊಳಗೆ ಹಾಕಿಕೊಂಡೆ. ಎದುರಾಳಿ ತಾನಾಗಿಯೇ ಒಪ್ಪಿಕೊಂಡಿರುವುದನ್ನು ವಾದಿಸಿ ಗೆಲ್ಲಲು ಹೋಗುವವರು ದಡ್ಡರು. ಕ್ರಮಲೋಪ ಎತ್ತಿದರೆ ಆ ಪುಟವೇ ರದ್ದಾಗುತ್ತಿತ್ತು. ಸತ್ಯವಂತೆಯಾಗಿ ಸೋಲುವುದೋ, ಸುಮ್ಮನಿದ್ದು ಟೀಚರಿಗೆ ಪುಸ್ತಕ ಕೊಡಿಸುವುದೋ ಎಂದು ಅರ್ಧ ನಿಮಿಷ ಯೋಚಿಸಿದೆ. ಅರ್ಧ ನಿಮಿಷ ಹೆಚ್ಚೇ ಆಯಿತು.

ಸಭೆ ಪುಸ್ತಕದಲ್ಲಿದ್ದಂತೆಯೇ ಸಾಗಿತು. ಒಂದೂ ಪುಸ್ತಕ ಕಳುವಾಗಿಲ್ಲವೆಂಬ ಘೋಷಣೆಗೆ ಚಪ್ಪಾಳೆ ಬಿತ್ತು. ಟೀಚರ್ ಕೊನೆಯ ಸಾಲಿನಿಂದ ನನ್ನ ಕಡೆಗೇ ನೋಡುತ್ತಿದ್ದರು. ನಾನು ಬಾಯಿ ಬಿಡದಿರುವುದನ್ನು ಕಂಡು ಅವರ ಮುಖ ಸಪ್ಪಗಾಗುತ್ತಿತ್ತು. ಆರನೆಯ ಬಾಬು ಬಂತು.

"ಮೊಳೆ ಉಪಸಮಿತಿ ವರದಿ ನಮ್ಮ ಕೈಸೇರಿದೆ," ಎಂದರು ಅಧ್ಯಕ್ಷರು. "ಅಂಗೀಕಾರ ಅಂತ ಇಟ್ಕೊಳೋಣ್ವೇ?"

ಎದ್ದು ನಿಂತೆ. ನಿರ್ದೇಶಕರ ಸಾಲಿನಲ್ಲಿ ಏಳೂ ಬೆನ್ನುಗಳು ನೆಟ್ಟಗಾದವು.

"ಅಧ್ಯಕ್ಷರೇ, ನಾನು ಇದನ್ನ ಹೃತ್ಪೂರ್ವಕವಾಗಿ ಅನುಮೋದಿಸ್ತೀನಿ."

ಏಳೂ ಬೆನ್ನುಗಳು ಸಡಿಲವಾದವು. "ಎಷ್ಟು ವಿನಯ ನೋಡಿ ಮಗೂಗೆ," ಎಂದು ಯಾರೋ ಅಪ್ಪನಿಗೆ ಹೇಳಿದರು. ಅಪ್ಪನಿಗೆ ಮಾತ್ರ ಅನುಮಾನ ಬಂದಿರಬೇಕು, ಕಣ್ಣು ಮುಚ್ಚಿಕೊಂಡರು. ಕೈಗಳೆಲ್ಲ ಮೇಲೆದ್ದವು. ಸರ್ವಾನುಮತ.

"ಕಾರ್ಯಗತ ಮಾಡ್ಬೇಕಲ್ಲ ಸರ್, ಏನು ಅಂಗೀಕಾರ ಆಯ್ತು ಅಂತ ಒಂದ್ಸಲ ಓದಿ ಹೇಳಿದ್ರೆ ಚೆನ್ನಾಗಿರತ್ತೆ," ಎಂದೆ.

ಕಾರ್ಯದರ್ಶಿಗಳು ಕವರು ಒಡೆದು, ಸರಾಗವಾಗಿ ಓದಲು ಶುರುಮಾಡಿ, ಎರಡೂವರೆ ಇಂಚಿನ ಹತ್ತಿರ ನಿಧಾನವಾಗಿ, ಕೊನೆಯ ಪ್ಯಾರಾದಲ್ಲಿ ಪೂರ್ತಿ ನಿಂತುಬಿಟ್ಟರು.

"ಇದನ್ನ..." ಅಧ್ಯಕ್ಷರು ಕನ್ನಡಕ ತೆಗೆದರು. "ಇದನ್ನ ಇನ್ನೊಮ್ಮೆ ಪರಿಶೀಲನೆಗೆ ಅಂತ ಸ್ವಲ್ಪ ತಿದ್ಕೊಳಿ."

"ತಿದ್ದೋದಾ?" ಕಾರ್ಯದರ್ಶಿಗಳು ನಡಾವಳಿ ಪುಸ್ತಕವನ್ನು ಎದೆಗೆ ಅಪ್ಪಿಕೊಂಡರು. "ಈ ಬುಕ್ಕಲ್ಲಿ?"

"ಒಂದೇ ಸಾಲು."

"ಸರ್, ಇಪ್ಪತ್ತೆರಡು ವರ್ಷದಿಂದ ಒಂದು ಚಿತ್ತಿಲ್ಲ. ನೀವು ಬೇಕಾದ್ರೆ ಬೇರೆ ಕಾರ್ಯದರ್ಶೀನ ನೋಡ್ಕೊಳಿ, ಆದ್ರೆ ಆ ಪುಟ ಮುಟ್ಟೋಕೆ ನಾನು ಬಿಡಲ್ಲ."

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಅತ್ಯಂತ ವಿನಯದಿಂದ ಕೂತಿದ್ದೆ. ಆಗ ಸರ್ವೇಯರು ಎದ್ದರು. ಕ್ಯಾನ್ವಾಸ್ ಚೀಲದಿಂದ ಒಂದು ಸುತ್ತಿಗೆ ಹೊರಬಂತು, ಹಿಂದೆಯೇ ಕಾಗದದಲ್ಲಿ ಸುತ್ತಿದ ಏಳು ಮೊಳೆ. ಎರಡು ವರ್ಷದಿಂದ ಪ್ರತಿ ಸಭೆಗೂ ತರುತ್ತಿದ್ದರಂತೆ. ಟೇಪು ಹಿಡಿದು ಗುರುತು ಮಾಡಿ, ಸಭೆ ನಡೆಯುತ್ತಿರುವಂತೆಯೇ ಹೊಡೆಯಲು ಶುರುಮಾಡಿದರು. ಒಂದೊಂದು ಏಟಿಗೂ ಹನ್ನೊಂದು ಮಾಜಿ ಅಧ್ಯಕ್ಷರು ಫೋಟೋಗಳಲ್ಲಿ ಅದುರಿದರು. ಒಬ್ಬರೂ ಬೀಳಲಿಲ್ಲ.

ಆ ಸದ್ದಿನ ನಡುವೆಯೇ ಏಳನೆಯ ಬಾಬು ಮುಗಿಯಿತು. ಕಾರ್ಯದರ್ಶಿಗಳು ನನ್ನ ಕಡೆ ಬಗ್ಗಿ, "ಎಂಟನೇದು ನಿಮ್ದು. ಪ್ರಶಂಸೆ," ಎಂದು ಪಿಸುಗುಟ್ಟಿದರು.

"ಮಾಡ್ಲೇಬೇಕಾ?"

"ಬರೆದಾಗಿದೆಯಲ್ಲಮ್ಮ!"

ಅವರ ಋಣ ನನ್ನ ಮೇಲಿತ್ತು. ಎದ್ದು, ಐದು ನಿಮಿಷ ಸಮಿತಿಯ ಸೇವೆಯನ್ನು ಮುಕ್ತಕಂಠದಿಂದ ಹೊಗಳಿದೆ. ಸುತ್ತಿಗೆಯ ಸದ್ದಿನಲ್ಲಿ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿ ಹೊಗಳಬೇಕಾಯಿತು. ಅವತ್ತು ಆ ಹಜಾರದಲ್ಲಿ ನಾನು ಮಾಡಿದ ಏಕೈಕ ಭಾಷಣ ಅದು. ಕೂಗಾಡಿದಳು ಎನ್ನುವವರು ಇದನ್ನು ಗಮನಿಸಬೇಕು. ಒಂಬತ್ತನೆಯ ಬಾಬಿನಲ್ಲಿ ಹಳೆಯ ಸಮಿತಿಯೇ ಮತ್ತೆ ಅವಿರೋಧವಾಗಿ ಆಯ್ಕೆಯಾಯಿತು. ನಾನೂ ಕೈ ಎತ್ತಿದೆ.

ಚೌಚೌ ಭಾತ್ ಬರುವ ಹೊತ್ತಿಗೆ ಕೀಗಳು ಬರತೊಡಗಿದವು. ಇಬ್ಬರ ಜನಿವಾರದಿಂದ ಎರಡು ಬಿಚ್ಚಿಕೊಂಡವು. ಮೂರನೇ ಬೀರುವಿನದು ಅದರ ನಿರ್ದೇಶಕರ ದೇವರ ಮನೆಯಿಂದ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬಂತು. ಒಬ್ಬರು ಕೀ ಕೊಡುವಾಗ, "ಹತ್ತು ವರ್ಷ ಸೊಂಟದಲ್ಲಿತ್ತು, ಈಗ ಏನೋ ಖಾಲಿ ಖಾಲಿ ಅನ್ಸತ್ತೆ" ಎಂದರು. ಆರು ಮೊಳೆ ತುಂಬಿದವು.

ಅಧ್ಯಕ್ಷರು ಕಾಫಿ ಮುಗಿಸಿ, ಕರವಸ್ತ್ರದಿಂದ ಕೈ ಒರೆಸಿ, ಕೋಟಿನ ಒಳಜೇಬಿನಿಂದ ತಮ್ಮದನ್ನು ತೆಗೆದರು. ಹೊಳೆಯುತ್ತಿತ್ತು. "ಟೀಚರ್, ಒಂದನೇ ಬೀರು ನಾನೇ ತೆಗೆದುಕೊಡ್ತೀನಿ. ನಾನು ಹಾಕಿದ್ದು, ನಾನೇ ತೆಗೀಬೇಕು," ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ. ನಿಜಕ್ಕೂ ಸೌಜನ್ಯದ ಮನುಷ್ಯ.

ಟೀಚರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದೆವು. ನೆಲದ ರೆಡ್ ಆಕ್ಸೈಡಿನ ಮೇಲೆ ಅದರ ನಾಲ್ಕು ಕಾಲುಗಳು ಗುಳಿ ಮಾಡಿದ್ದವು. ಅಧ್ಯಕ್ಷರು ಕೀ ಹಾಕಿದರು. ತಿರುಗಲಿಲ್ಲ. ತೆಗೆದು, ಊದಿ, ಮತ್ತೆ ಹಾಕಿದರು. ಬಲಕ್ಕೆ ಬರಲಿಲ್ಲ, ಎಡಕ್ಕೂ ಬರಲಿಲ್ಲ.

"ಒಂದು ತೊಟ್ಟು ಕೊಬ್ರಿ ಎಣ್ಣೆ ಬಿಡಿ ಸರ್."

"ಸ್ವಲ್ಪ ಮೇಲಕ್ಕೆ ಎತ್ತಿ ತಿರುಗಿಸ್ಬೇಕೇನೋ."

"ಇದು ನಿಮ್ಮ ಮನೆ ಗೋದ್ರೇಜ್ ಬೀರೂದಲ್ವಾ ನೋಡಿ."

"ತಜ್ಞರನ್ನ ಕರೆಸ್ಬೇಕಾಗತ್ತೆ," ಎಂದರು ಮೂರನೇ ಬೀರುವಿನ ನಿರ್ದೇಶಕರು. "ಅದಕ್ಕೊಂದು ಸಣ್ಣ ಸಮಿತಿ..."

ಟೀಚರಿಗೆ ನಿಂತು ನಿಂತು ಕಾಲು ಸೋತಿತ್ತೇನೋ. ಆಸರೆಗೆಂದು ಬೀರುವಿನ ಹಿಡಿ ಹಿಡಿದುಕೊಂಡರು. ಹಿಡಿ ಅವರ ಕೈಯ ಭಾರಕ್ಕೆ ಕೆಳಗೆ ತಿರುಗಿತು. ಬಾಗಿಲು ಕಿರ್ ಎಂದು ತಾನಾಗಿ ತೆರೆದುಕೊಂಡಿತು.

ಬೀಗ ಹಾಕಿರಲೇ ಇಲ್ಲ.

ಎಲ್ಲರ ಕಣ್ಣೂ ಅಧ್ಯಕ್ಷರ ಕೈಯಲ್ಲಿದ್ದ ಹೊಳೆಯುವ ಕೀಯ ಮೇಲಿತ್ತು. ನನ್ನ ಸ್ಥಿತಿಯೂ ಅಷ್ಟೇನೂ ಗೌರವದ್ದಾಗಿರಲಿಲ್ಲ. ಯಾರು ಏನೇ ಹೇಳಿದರೂ ಪುರಾವೆ ಕೇಳುವವಳು, ದೇವರ ವಿಷಯದಲ್ಲೂ ಅಜ್ಜಿಯನ್ನು ಅಡ್ಡಸವಾಲಿಗೆ ಗುರಿಮಾಡಿದವಳು, ವರ್ಷಗಟ್ಟಲೆ ಆ ಬೀರುವಿನ ಮುಂದೆ ಬೀಗದ ಬಗ್ಗೆ ವಾದ ಹೂಡಿದ್ದೆ. ಒಮ್ಮೆಯೂ ಹಿಡಿ ತಿರುಗಿಸಿ ನೋಡಿರಲಿಲ್ಲ. ಅದು ಅಧ್ಯಕ್ಷರ ಬೀರು, ಕೀ ಅವರ ಹತ್ತಿರವಿದೆ, ಆದ್ದರಿಂದ ಬೀಗ ಹಾಕಿದೆ. ಇಂಥ ತರ್ಕವನ್ನು ಎದುರಾಳಿ ಮಂಡಿಸಿದ್ದರೆ ವೇದಿಕೆಯ ಮೇಲೇ ಅವರ ಚರ್ಮ ಸುಲಿಯುತ್ತಿದ್ದೆ.

ಟೀಚರ್ ಇದ್ಯಾವುದನ್ನೂ ಗಮನಿಸಲಿಲ್ಲ. ನುಸಿಗುಳಿಗೆಯ ವಾಸನೆಯೊಳಕ್ಕೆ ಕೈ ಚಾಚಿ ಒಂದು ಪುಸ್ತಕ ತೆಗೆದು, ಸೆರಗಿನಿಂದ ಒರೆಸಿ, ಮಧ್ಯದಲ್ಲಿ ಬಿಡಿಸಿದರು. ಅಂಚಿನ ತುಂಬ ಕೆಂಪು ಶಾಯಿ. ಒಂದು ತಿದ್ದುಪಡಿಯ ಪಕ್ಕದಲ್ಲಿ ಅವರ ತಂದೆ, ‘ಅಯ್ಯೋ ಮಹಾರಾಯ’ ಎಂದು ಬರೆದಿದ್ದರು. ಟೀಚರ್ ಜೋರಾಗಿ ನಕ್ಕುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದೇ ಅವತ್ತು. ನಗುತ್ತಲೇ ಸುತ್ತ ಕಣ್ಣಾಡಿಸಿ, ಪುಸ್ತಕವನ್ನು ತಮಗೆ ಹತ್ತಿರ ನಿಂತಿದ್ದ ಕಾರ್ಯದರ್ಶಿಗಳ ಕೈಗಿಟ್ಟರು.

"ತಗೊಳಿ. ಹದಿನೈದು ದಿನ."

"ಅಬ್ಬಬ್ಬಾ, ಎಷ್ಟೊಂದು ಚಿತ್ತು!" ಎಂದು ಕಾರ್ಯದರ್ಶಿಗಳು ಬೆಚ್ಚಿದರು. ಪುಟವನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ ಮೆತ್ತಗೆ, "ಆದ್ರೆ ಅಕ್ಷರ ನೋಡಿ ಟೀಚರ್... ಏನು ಅಕ್ಷರ!" ಎಂದು ಅಲ್ಲೇ ಬೆಂಚಿನ ಮೇಲೆ ಕೂತರು. ಟೀಚರ್ ರಿಜಿಸ್ಟರು ಬಿಡಿಸಿ ಅವರ ಹೆಸರು ಬರೆದು, ಮೊಹರು ಒತ್ತಿದರು. ಪ್ಯಾಡಿನ ಶಾಯಿ ಎಂದೋ ಒಣಗಿತ್ತು. ಒಂದು ಹನಿ ಕಾಫಿ ಬಿಟ್ಟು ಒತ್ತಿದರು.

ಇದ್ಯಾವುದೂ ನಡಾವಳಿಯಲ್ಲಿಲ್ಲ. ಶನಿವಾರವೇ ಬರೆದದ್ದರಲ್ಲಿ ಭಾನುವಾರ ತೆರೆದ ಬಾಗಿಲು ಹೇಗೆ ಬರಬೇಕು? ಲಿಖಿತ ದಾಖಲೆ ಇಲ್ಲದ ಕಡೆ ಊರು ತನಗೆ ಬೇಕಾದ ಕಥೆ ಕಟ್ಟಿಕೊಳ್ಳುತ್ತದೆ. ಕೂಗಾಡಿದ ಹುಡುಗಿ ಹುಟ್ಟಿದ್ದು ಹೀಗೆ. ಬೀಗ ಇರಲೇ ಇಲ್ಲ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ, ಅದನ್ನು ಯಾರೋ ಗಲಾಟೆ ಮಾಡಿ ತೆಗೆಸಿದರೆಂದು ನೆನಪಿಟ್ಟುಕೊಳ್ಳುವುದು ಅಲ್ಲಿದ್ದವರೆಲ್ಲರಿಗೂ ಹಿತವಾಗಿತ್ತು.

ಯುಗಾದಿ ಕಳೆದು ಟೀಚರ್ ಮಲ್ಲೇಶ್ವರಕ್ಕೆ ಹೋದರು, ಒಂದೇ ಒಂದು ಟ್ರಂಕು ಮತ್ತು ತುಳಸಿ ಕುಂಡದ ಜೊತೆ. ಅಷ್ಟರಲ್ಲಿ ಅವರ ತಂದೆಯ ಪುಸ್ತಕಗಳಲ್ಲಿ ಹದಿನಾಲ್ಕು ಬೇರೆ ಬೇರೆ ಮನೆಗಳಲ್ಲಿದ್ದವು. ಆಟೋ ಹತ್ತುವಾಗಲೂ ಎಣಿಸಿ ಹೇಳಿದರು. ನಾನು ಶನಿವಾರಗಳಂದು ಅವರ ಮೇಜಿನಲ್ಲಿ ಕೂರತೊಡಗಿದೆ.

ಅಧ್ಯಕ್ಷರು ಅಧ್ಯಕ್ಷರಾಗಿಯೇ ಮುಂದುವರಿದರು. ಎರಡು ಸಾವಿರದ ಇಸವಿ ಬಂದು ಹೋದ ಮೇಲೂ ಖಂಡಿತ ಪರಿಶೀಲಿಸುತ್ತಲೇ ಇದ್ದರು. ಆದರೆ ಪ್ರತಿ ಶನಿವಾರ ಐದಕ್ಕೆ ಸರಿಯಾಗಿ ಬಂದು, ಒಂದನೇ ಬೀರುವಿನಿಂದಲೇ ಪುಸ್ತಕ ಒಯ್ಯುತ್ತಿದ್ದರು. ಹೇಳಿದ ದಿನಕ್ಕೆ ವಾಪಸು ತರುತ್ತಿದ್ದರು. ಕೆಂಪು ಶಾಯಿಯ ಟಿಪ್ಪಣಿಗಳನ್ನು ಓದಿ ಒಬ್ಬರೇ ನಗುತ್ತಿದ್ದರು. ನಾವಿಬ್ಬರೂ ಹವಾಮಾನ, ಅವರೆಕಾಯಿ, ನನ್ನ ಪರೀಕ್ಷೆ, ಎಲ್ಲದರ ಬಗ್ಗೆ ಮಾತಾಡುತ್ತಿದ್ದೆವು. ಒಂದು ವಿಷಯ ಬಿಟ್ಟು.

ಅದನ್ನು ನಾನು ಎರಡೂ ಪಕ್ಷದಿಂದ ವಾದಿಸಿ ನೋಡಿದ್ದೇನೆ. ಅವರಿಗೆ ಗೊತ್ತಿರಲಿಲ್ಲವೆಂದರೆ, ಒಂಬತ್ತು ವರ್ಷ ಒಬ್ಬ ಸಜ್ಜನ ತೆರೆದ ಬೀರುವಿನ ಕೀಯನ್ನು ಎದೆಯ ಹತ್ತಿರ ಇಟ್ಟುಕೊಂಡು ಕಾದರು. ಗೊತ್ತಿತ್ತೆಂದರೆ, ನಮ್ಮಲ್ಲಿ ಒಬ್ಬರೂ ಕೈಯಿಟ್ಟು ನೋಡುವುದಿಲ್ಲವೆಂದು ಅವರಿಗೆ ಅಷ್ಟು ಖಾತ್ರಿಯಿತ್ತು. ಎರಡು ವಾದಗಳೂ ಸಮಬಲ. ತೀರ್ಪು ಕೊಡಬೇಕಾದವರು ಒಬ್ಬರೇ.

ಒಂದು ಶನಿವಾರ ಹಜಾರದಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಆರಿಸಿದ ಪುಸ್ತಕಕ್ಕೆ ಮೊಹರು ಒತ್ತಿದೆ, ಆದರೆ ಕೈಗೆ ಕೊಡಲಿಲ್ಲ.

"ಸರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಸಮಾರಂಭದಲ್ಲಿ ನೀವು ಕೀ ತಿರುಗಿಸ್ದಾಗ, ಬೀಗ ಬಿದ್ದಿಲ್ಲ ಅಂತ ನಿಮಗೆ ಗೊತ್ತಾಗಿತ್ತಾ?"